ಮಝಗಾಂವಿನಿಂದ ಕೊಡಚಾದ್ರಿಗೆ: ಹಳೆಯ ಜೀಪಿನ ಪೂರ್ವೋತ್ತರ

ರಜೆಯಲ್ಲಿ ಊರಿಗೆ ಹೋದ ಮುಂಬಯಿ ಕನ್ನಡಿಗರಲ್ಲಿ ಕೊಲ್ಲೂರಿನ ಮೂಕಾಂಬಿಕೆಯ ದರ್ಶನ ಮಾಡದೆ ಮರಳುವವರು ಕಡಿಮೆ. ದರ್ಶನ ಮುಗಿಸಿ ಊಟವಾದ ಮೇಲೆ ಮಕ್ಕಳ ಹಟಕ್ಕೆ ಮಣಿದು ಕೊಡಚಾದ್ರಿಗೂ ಹೊರಡುವುದುಂಟು. ಅಲ್ಲಿಗೆ ನಮ್ಮ ಪೇಟೆಯ ನಯನಾಜೂಕಿನ ಕಾರುಗಳ ಆಟ ನಡೆಯುವುದಿಲ್ಲ. ಜೀಪೇ ಆಗಬೇಕು. ನಾಗೋಡಿ ಘಟ್ಟ ಹತ್ತಿ, ನಿಟ್ಟೂರು, ಕಟ್ಟಿನಹೊಳೆ ದಾಟಿದ ಮೇಲೆ ರಸ್ತೆ ಎನ್ನುವುದು ಹೆಸರಿಗಷ್ಟೇ ಉಳಿಯುತ್ತದೆ. ಮುಂದೆ ಕಲ್ಲು, ಕೊರಕಲು, ಕೆಮ್ಮಣ್ಣಿನ ಕೆಸರು. ಚಾಲಕ ಒಂದು ಕ್ಷಣ ನಿಲ್ಲಿಸಿ, ಗೇರಿನ ಪಕ್ಕದಲ್ಲಿರುವ ಗಿಡ್ಡ ಸಲಾಕೆಯನ್ನು ಎಳೆಯುತ್ತಾನೆ. ಒಳಗೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡ ಸದ್ದು. ಆಮೇಲೆ ಆ ಗಾಡಿ ಮೆಟ್ಟಿಲು ಹತ್ತುವ ಮುದುಕನಂತೆ, ನಿಧಾನವಾಗಿ, ಆದರೆ ಒಮ್ಮೆಯೂ ಹಿಂದೆ ಜಾರದೆ ಹತ್ತತೊಡಗುತ್ತದೆ.

ನಾವು ಹೋಗಿದ್ದಾಗ ಅರ್ಧ ದಾರಿಯಲ್ಲಿ ಜೀಪು ನಿಂತುಬಿಟ್ಟಿತು. ಚಾಲಕ ಗಾಬರಿಯಾಗಲಿಲ್ಲ. ಬಾನೆಟ್ಟು ಎತ್ತಿ, ಡೀಸೆಲ್ ಕೊಳವೆಯ ಒಂದು ಬೋಲ್ಟನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತಾ ಹೋದ. ಮೊದಲು ನೊರೆನೊರೆಯಾಗಿ ಬಂದ ಎಣ್ಣೆ, ಗಾಳಿಯ ಗುಳ್ಳೆಗಳೆಲ್ಲ ಹೋಗಿ ಶುದ್ಧವಾಗಿ ಬರತೊಡಗಿದ ಮೇಲೆ ಬೋಲ್ಟು ಬಿಗಿದ. ಹತ್ತು ನಿಮಿಷದ ಕೆಲಸ. "ಇದೆಷ್ಟು ವರ್ಷದ ಗಾಡಿ?" ಎಂದು ಕೇಳಿದೆ. "ಯಾವುದರ ವರ್ಷ ಹೇಳ್ಲಿ ಮಾರಾಯ್ರೆ? ಎಂಜಿನ್ ಒಂದು ಗಾಡೀದು, ಗೇರ್‌ಬಾಕ್ಸ್ ಇನ್ನೊಂದರದ್ದು. ಪುಸ್ತಕ ಮಾತ್ರ ಇದರದ್ದೇ" ಎಂದು ನಕ್ಕ. ಪುಸ್ತಕವೆಂದರೆ ಆರ್.ಸಿ. ಪುಸ್ತಕ, ಗಾಡಿಯ ನೋಂದಣಿಯ ಪತ್ರ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಈ ಜೀಪಿನ ವಂಶದ ಮೂಲಪುರುಷನನ್ನು ಕೂಡಿಸಿದ್ದು ಬೇರೆಲ್ಲೂ ಅಲ್ಲ, ನಾವು ಲೋಕಲ್ ಗಾಡಿಯಲ್ಲಿ ಹಾರ್ಬರ್ ಮಾರ್ಗವಾಗಿ ಹೋಗುವಾಗ ಕಿಟಕಿಯಿಂದ ಕಾಣುವ ಮಝಗಾಂವಿನಲ್ಲಿ. ಅದಕ್ಕೂ ಮೊದಲಿನ ಕಥೆ ಅಮೇರಿಕದ್ದು.

1940ರ ಬೇಸಿಗೆ. ಯೂರೋಪಿನಲ್ಲಿ ಫ್ರಾನ್ಸ್ ಜರ್ಮನರ ಕೈಸೇರಿತ್ತು. ತನಗೂ ಯುದ್ಧ ತಪ್ಪದೆಂದು ಕಂಡುಕೊಂಡ ಅಮೇರಿಕದ ಸೇನೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಒಂದು ಹಗುರವಾದ ಪುಟ್ಟ ಗಾಡಿ ಬೇಕೆಂದು 135 ಕಂಪನಿಗಳಿಗೆ ಬರೆಯಿತು. ಮಾದರಿ ಗಾಡಿಯನ್ನು 49 ದಿನಗಳಲ್ಲಿ ತಂದು ಒಪ್ಪಿಸಬೇಕೆಂಬ ಷರತ್ತು ನೋಡಿ ದೊಡ್ಡ ದೊಡ್ಡವರೆಲ್ಲ ಸುಮ್ಮನಾದರು. ಒಪ್ಪಿಕೊಂಡದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ, ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರು ಎರಡೇ ದಿನಗಳಲ್ಲಿ ಅದರ ನಕ್ಷೆ ಬರೆದುಕೊಟ್ಟ. ಸೆಪ್ಟೆಂಬರ್ 23ರಂದು, ಗಡುವಿಗೆ ಅರ್ಧ ಗಂಟೆ ಉಳಿದಿದ್ದಾಗ, ಧೂಳು ತುಂಬಿದ ಆ ಮೊದಲ ಗಾಡಿ ಹೋಲಾಬರ್ಡ್ ಎಂಬ ಸೇನಾ ನೆಲೆಯ ಬಾಗಿಲಿಗೆ ಬಂತು.

ಹೆತ್ತವಳು ಒಬ್ಬಳು, ಹೆಸರು ಮತ್ತೊಬ್ಬಳಿಗೆ ಎಂಬಂತಾಯಿತು ಬ್ಯಾಂಟಮಿನ ಗತಿ. ಅಷ್ಟು ಚಿಕ್ಕ ಕಂಪನಿ ಸಾವಿರಗಟ್ಟಲೆ ಗಾಡಿ ಮಾಡೀತೇ ಎಂಬ ಸಂಶಯದಿಂದ ಸೇನೆಯವರು ಆ ನಕ್ಷೆಯನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿದರು. ವಿಲ್ಲೀಸಿನಲ್ಲಿ ಬಾರ್ನಿ ರೂಸ್ ಎಂಬ ಗಟ್ಟಿಗ ಎಂಜಿನಿಯರಿದ್ದ. ಅವನ ಎಂಜಿನ್ನಿಗೆ 60 ಅಶ್ವಶಕ್ತಿ. ಉಳಿದಿಬ್ಬರದು ಅದರ ಹತ್ತಿರಕ್ಕೂ ಬರಲಿಲ್ಲ. ಆದರೆ ಅವನ ಗಾಡಿಯ ತೂಕ ಮಿತಿಗಿಂತ ಹೆಚ್ಚಿತ್ತು. ಬೋಲ್ಟುಗಳ ಉದ್ದ ಕತ್ತರಿಸಿ, ಕೊನೆಗೆ ಬಣ್ಣದ ಲೇಪವನ್ನೂ ಒಂದಕ್ಕಿಳಿಸಿ ಅವನು ತೂಕ ಇಳಿಸಿದನೆಂದು ಪ್ರತೀತಿ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಸುಮಾರು 3,60,000, ಫೋರ್ಡ್ ಸುಮಾರು 2,80,000 ಜೀಪುಗಳನ್ನು ಮಾಡಿದ್ದವು. ಬ್ಯಾಂಟಮ್ ಮೂರು ಸಾವಿರವನ್ನೂ ಮುಟ್ಟಲಿಲ್ಲ. ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡಿಕೊಂಡು ಕುಳಿತಿತು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ವಿಲ್ಲೀಸಿನ ಜೀಪಿಗೆ ಫೋರ್ಡಿನ ಬಿಡಿಭಾಗ, ಫೋರ್ಡಿನದಕ್ಕೆ ವಿಲ್ಲೀಸಿನ ಬಿಡಿಭಾಗ ಕೂರಲೇಬೇಕೆಂದು ಸೇನೆ ಕಟ್ಟುನಿಟ್ಟು ಮಾಡಿತ್ತು. ಫೋರ್ಡಿನವರು ತಮ್ಮ ಬೋಲ್ಟಿನ ತಲೆಯ ಮೇಲೂ 'ಎಫ್' ಎಂದು ಕೊರೆದುಕೊಂಡರು, ಅದು ಬೇರೆ ಮಾತು. ಬೋಲ್ಟು ಮಾತ್ರ ಎರಡಕ್ಕೂ ಒಂದೇ. ಯುದ್ಧಭೂಮಿಯಲ್ಲಿ ಗುಂಡೇಟಿಗೆ ನುಚ್ಚುನೂರಾದ ಮೂರು ಜೀಪುಗಳಿಂದ ಒಂದು ಓಡುವ ಜೀಪನ್ನು ಕೂಡಿಸಿಕೊಳ್ಳಬಹುದಾಗಿತ್ತು. ರಾತ್ರಿಯಲ್ಲಿ ಕೆಟ್ಟು ನಿಂತರೆ ಹೆಡ್‌ಲೈಟಿನ ಒಂದು ಚಿಟ್ಟೆ ನಟ್ಟು ಸಡಿಲಿಸಿ, ಆ ದೀಪವನ್ನೇ ಹಿಂದಕ್ಕೆ ತಿರುಗಿಸಿ ಎಂಜಿನ್ನಿನ ಮೇಲೆ ಬೆಳಕು ಬೀಳಿಸಬಹುದಾಗಿತ್ತು. ಬಾನೆಟ್ಟಿಗೆ ಬೀಗವಿಲ್ಲ, ಕೈಯಿಂದ ಬಿಡಿಸುವ ಕೊಂಡಿಗಳಷ್ಟೇ. ಹಿಂದಿನ ಚಕ್ರಗಳ ಮೇಲ್ಗಡೆ ಉಪಕರಣಗಳ ಡಬ್ಬಿ. ಕೆಟ್ಟೇ ಕೆಡುತ್ತದೆ ಎಂದು ಒಪ್ಪಿಕೊಂಡು, ಕೆಟ್ಟಾಗ ಕೈಗೆ ಸಿಗುವಂತೆ ಮಾಡಿದ ಗಾಡಿ ಅದು. ಇಂದಿನ ಕಾರುಗಳ ಬಾನೆಟ್ಟು ಎತ್ತಿದರೆ ಕಾಣುವ ಕರಿಯ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ನೋಡಿದಾಗಲೆಲ್ಲ ನನಗೆ ಆ ಚಿಟ್ಟೆ ನಟ್ಟು ನೆನಪಾಗುತ್ತದೆ.

ಯುದ್ಧ ಮುಗಿದ ಮೇಲೆ ಮಿಕ್ಕ ಜೀಪುಗಳು ಲೋಕವೆಲ್ಲ ಚೆದುರಿದವು. ಫಿಲಿಪೈನ್ಸಿನವರು ಅವನ್ನು ಉದ್ದ ಮಾಡಿ, ಬಣ್ಣ ಬಳಿದು, ಜೀಪ್ನಿ ಎಂಬ ಬಾಡಿಗೆ ಗಾಡಿ ಮಾಡಿಕೊಂಡರು. ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಜಮೀನಿನಲ್ಲಿ ಒಂದು ಹಳೆಯ ವಿಲ್ಲೀಸ್ ಜೀಪು ಇಟ್ಟುಕೊಂಡಿದ್ದ. ಅದು ಪೂರ್ತಿ ಕೆಟ್ಟರೆ ಬದಲಿಗೆ ಏನು ತರುವುದೆಂಬ ಯೋಚನೆಯೇ 1948ರಲ್ಲಿ ಲ್ಯಾಂಡ್ ರೋವರ್ ಆಗಿ ಹುಟ್ಟಿತು.

ನಮ್ಮ ದೇಶಕ್ಕೆ ಜೀಪು ಬಂದ ದಾರಿ ಬೇರೆ. ಯುದ್ಧಕಾಲದಲ್ಲಿ ಕೆ.ಸಿ. ಮಹೀಂದ್ರ ಎಂಬವರು ಅಮೇರಿಕದಲ್ಲಿ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದರು. ಅಲ್ಲಿ ಬಾರ್ನಿ ರೂಸನ ಪರಿಚಯವಾಯಿತು. ಈ ಗಾಡಿ ಭಾರತದ ಹಳ್ಳಿಗಾಡಿನ ರಸ್ತೆಗೆ ಹೇಳಿ ಮಾಡಿಸಿದಂತಿದೆ ಎಂದು ಅವರಿಗೆ ಹೊಳೆಯಿತು. 1945ರಲ್ಲಿ ಅವರ ಅಣ್ಣ ಜೆ.ಸಿ. ಮಹೀಂದ್ರ ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಕೂಡಿ ಲೂಧಿಯಾನದಲ್ಲಿ 'ಮಹೀಂದ್ರ ಅಂಡ್ ಮೊಹಮ್ಮದ್' ಎಂಬ ಉಕ್ಕಿನ ವ್ಯಾಪಾರ ಆರಂಭಿಸಿದ್ದರು. ದೇಶ ಒಡೆಯಿತು. ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಎಂದಾಯಿತು. 1949ರಲ್ಲಿ ಅಮೇರಿಕದಿಂದ ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದ ವಿಲ್ಲೀಸ್ ಜೀಪನ್ನು ಮಝಗಾಂವಿನಲ್ಲಿ ಕೂಡಿಸಿ ಹೊರತಂದರು. ಬಂದರು ಪಕ್ಕದಲ್ಲೇ ಇದ್ದುದರಿಂದ ಜಾಗವೂ ಅನುಕೂಲವೇ. 1954ರಲ್ಲಿ ವಿಲ್ಲೀಸಿನೊಡನೆ ಹೊಸ ಒಪ್ಪಂದವಾಗಿ, ಒಂದೊಂದೇ ಭಾಗವನ್ನು ಇಲ್ಲೇ ತಯಾರಿಸುವ ಕೆಲಸ ಶುರುವಾಯಿತು. ಮುಂದೆ ಅದು ಕಾಂದಿವಲಿಗೆ ಹಬ್ಬಿದ ಕಥೆ ಉಪನಗರಗಳ ನಮ್ಮವರಿಗೆ ಗೊತ್ತೇ ಇದೆ.

ಇದೇ ಹೊತ್ತಿನಲ್ಲಿ ಹಳೆಯ ಜೀಪು ಕೊಳ್ಳುವ ವಿಷಯದಲ್ಲಿ ದೇಶ ಒಂದು ದುಬಾರಿ ಪಾಠ ಕಲಿಯಿತು. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು, ಸೇನೆಗೆ ಜೀಪುಗಳು ತುರ್ತಾಗಿ ಬೇಕಿದ್ದವು. ಆಗ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ನರು ರಿಪೇರಿ ಮಾಡಿದ ಹಳೆಯ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಬೆಲೆ ಸುಮಾರು 80 ಲಕ್ಷ ರೂಪಾಯಿ. ಬಂದು ಇಳಿದವು 155. ಅವು ಕೆಲಸಕ್ಕೆ ಬಾರದವೆಂದು ಸೇನೆ ಹೇಳಿತು. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು, ವಿಚಾರಣೆಯ ಬೇಡಿಕೆ ಬಂತು. 1955ರಲ್ಲಿ ಸರಕಾರ ಪ್ರಕರಣ ಮುಗಿಯಿತೆಂದು ಘೋಷಿಸಿತು. ಮರುವರ್ಷ ಮೆನನ್ನರು ಮಂತ್ರಿಯಾದರು. ರಾಜಕೀಯವನ್ನು ಅತ್ತ ಬಿಡೋಣ. 'ರಿಪೇರಿಯಾಗಿದೆ' ಎಂದು ಮಾರುವವನು ಹೇಳುವುದಕ್ಕೂ ಬಾನೆಟ್ಟಿನೊಳಗೆ ತಲೆ ಹಾಕಿ ನೋಡುವುದಕ್ಕೂ ಇರುವ ಅಂತರವನ್ನು, ಹಳೆಯ ಗಾಡಿ ಕೊಂಡ ಯಾವ ಸಂಸಾರಸ್ಥನೂ ಹೇಳಬಲ್ಲ.

ಐವತ್ತರ ದಶಕದ ನಂತರ ಜೀಪು ಸರಕಾರದ ಗುರುತೇ ಆಗಿಹೋಯಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮೇಲೆ ಬಿ.ಡಿ.ಓ. ಸಾಹೇಬರು ಬಂದದ್ದು ಜೀಪಿನಲ್ಲಿ. ಪೊಲೀಸರು, ಅರಣ್ಯದವರು, ಮಲೇರಿಯಾದವರು, ಚುನಾವಣೆಯ ಪೆಟ್ಟಿಗೆ ಹೊತ್ತವರು ಬಂದದ್ದೂ ಅದರಲ್ಲೇ. ಧೂಳೆದ್ದರೆ ಮಕ್ಕಳು ಓಡಿಬಂದು ನೋಡುತ್ತಿದ್ದ ಕಾಲ ಅದು. ಸರಕಾರಿ ಆಯುಷ್ಯ ಮುಗಿದ ಜೀಪುಗಳು ಹರಾಜಿಗೆ ಬಂದವು. ಮಲೆನಾಡಿನ ಅಡಕೆ ತೋಟದವರು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದವರು ಅವನ್ನು ಕೊಂಡರು. ಸೈನ್ಯದ ನಂಟು ಗಾಢವಾಗಿರುವ ಕೊಡಗಿನಲ್ಲಂತೂ ಜಬಲ್ಪುರದಲ್ಲಿ ತಯಾರಾದ ಸೇನೆಯ ಜೋಂಗಾ ಗಾಡಿಗೂ ಮನೆಯಂಗಳದಲ್ಲಿ ಜಾಗ ಸಿಕ್ಕಿತು. ಜಪಾನಿನ ನಿಸ್ಸಾನ್ ಗಾಡಿಯ ಅಚ್ಚಿನಲ್ಲಿ ಮಾಡಿದ ಆ ಜೋಂಗಾದ್ದು ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ಅದನ್ನು ಸಾಕುವುದೆಂದರೆ ಆನೆ ಸಾಕಿದ ಹಾಗೆ.

ಹರಾಜಿನ ಜೀಪು ಕೊಂಡವನು ಮೊದಲು ಕಂಡುಕೊಳ್ಳುವುದು ಒಬ್ಬ ಮಿಸ್ತ್ರಿಯನ್ನು. ಈ ಮಿಸ್ತ್ರಿಗಳ ವಿದ್ಯೆಯನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂಬುದು ನನ್ನ ಕೊರಗು. ಸೇನೆಯವರು 1944ರಲ್ಲಿ ಅಚ್ಚು ಹಾಕಿಸಿದ ಕೈಪಿಡಿಯೇನೋ ಇದೆ. ಆದರೆ ಶಿರಸಿಯಲ್ಲೋ ಸಕಲೇಶಪುರದಲ್ಲೋ ಜೀಪನ್ನು ಓಡಿಸಿದ್ದು ಆ ಕೈಪಿಡಿಯಲ್ಲ.

ಪೆಟ್ರೋಲ್ ಜೀಪು ನಿಂತುಹೋದರೆ ಅವರ ಪ್ರಶ್ನೆಗಳು ಎರಡೇ: ಕಿಡಿ ಇದೆಯೇ? ಪೆಟ್ರೋಲ್ ಇದೆಯೇ? ಪ್ಲಗ್ಗಿನ ತಂತಿ ಕಿತ್ತು ಎಂಜಿನ್ನಿನ ಹತ್ತಿರ ಹಿಡಿದು, ಸ್ಟಾರ್ಟರ್ ತಿರುಗಿಸಿದಾಗ ನೀಲಿ ಕಿಡಿ ಹಾರಿದರೆ ಅರ್ಧ ಕಾಯಿಲೆ ಇಲ್ಲವೆಂದರ್ಥ. ಹಾರದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿನ ಪಾಯಿಂಟನ್ನು ಸಣ್ಣ ಮರಳುಕಾಗದದಿಂದ ಉಜ್ಜುವುದು. ಆ ಪಾಯಿಂಟಿನ ಸಂದು ಒಂದು ಇಂಚಿನ ಸಾವಿರದಲ್ಲಿ 20 ಭಾಗ, ಅಂದರೆ ಅರ್ಧ ಮಿಲಿಮೀಟರಿನಷ್ಟು ಇರಬೇಕೆನ್ನುತ್ತದೆ ಕೈಪಿಡಿ. ಅಳೆಯುವ ಗೇಜು ಇಲ್ಲದ ಮಿಸ್ತ್ರಿ ಮಡಿಸಿದ ಪೋಸ್ಟ್ ಕಾರ್ಡನ್ನು ತೂರಿಸಿ ನೋಡುತ್ತಿದ್ದ. ಕಿಡಿ ಸರಿಯಿದ್ದರೆ ನೋಡಬೇಕಾದದ್ದು ಪೆಟ್ರೋಲ್ ಪಂಪು. ಅದರ ಗಾಜಿನ ಬಟ್ಟಲಲ್ಲಿ ನೀರು, ಕಸ ನಿಂತಿದೆಯೇ? ಏಪ್ರಿಲ್ ತಿಂಗಳಲ್ಲಿ ಘಟ್ಟ ಹತ್ತುವಾಗ ಪೆಟ್ರೋಲ್ ಕೊಳವೆಯಲ್ಲೇ ಕಾದು ಆವಿಯಾಗಿ ದಾರಿ ಕಟ್ಟುವುದುಂಟು. ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಮರದ ನೆರಳಲ್ಲಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾಯುವುದೇ ಚಿಕಿತ್ಸೆ. ಬೀಡಿಯನ್ನು ಜೀಪಿನಿಂದ ದೂರ ಸೇದಬೇಕು, ಅಷ್ಟೇ! ಚಾಲಕನ ಸೀಟಿನ ಕೆಳಗಿರುವ ಟ್ಯಾಂಕು ತೂತಾದರೆ ಬಟ್ಟೆ ಒಗೆಯುವ ಸಾಬೂನನ್ನು ಒತ್ತಿ ಮೆತ್ತಿದರೆ ಊರು ಮುಟ್ಟುವವರೆಗೆ ಮೋಸವಿಲ್ಲ.

ಹಳೆಯ ಜೀಪಿಗೆ ಕಾಯಂ ರೋಗಗಳೂ ಇವೆ. ಎರಡನೆಯ ಗೇರು ತಾನಾಗಿಯೇ ಹಾರಿ ಬರುವುದು ಒಂದು. ಘಟ್ಟ ಇಳಿಯುವಾಗ ಸಲಾಕೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕೂರುವ ಚಾಲಕರನ್ನು ಹಿರಿಯರು ನೋಡಿರಬಹುದು. ಇನ್ನೊಂದು ಎಣ್ಣೆ ಸೋರುವುದು. ಸೋರದಿದ್ದರೆ ಒಳಗೆ ಎಣ್ಣೆಯೇ ಮುಗಿದಿದೆ ಎಂದು ಮಿಸ್ತ್ರಿಗಳು ತಮಾಷೆ ಮಾಡುತ್ತಾರೆ. ಮೂರನೆಯದು ಭಯಂಕರ. ತಕ್ಕಮಟ್ಟಿನ ವೇಗದಲ್ಲಿ ಒಂದು ಗುಂಡಿಗೆ ಬಿದ್ದರೆ ಮುಂದಿನ ಚಕ್ರಗಳೆರಡೂ ಗಡಗಡ ನಡುಗಿ, ಸ್ಟಿಯರಿಂಗು ಕೈ ಕಿತ್ತುಕೊಂಡು ಹೋಗುವಂತೆ ಒದರುತ್ತದೆ. ಹೊಸಬರು ಟೈರಿನ ದೋಷವೆಂದು ಚಕ್ರ ಬದಲಿಸುತ್ತಾ ಹೋಗುತ್ತಾರೆ. ಅನುಭವಿ ಮಿಸ್ತ್ರಿ ಕೆಳಗೆ ಮಲಗಿ ಕಿಂಗ್‌ಪಿನ್ನಿನ ಬೇರಿಂಗು, ಸ್ಟಿಯರಿಂಗಿನ ಸಲಾಕೆಗಳ ತುದಿ, ನಡುವಿನ ಬೆಲ್ ಕ್ರ್ಯಾಂಕು ಇವು ಎಷ್ಟು ಸವೆದಿವೆಯೆಂದು ಕೈಯಿಂದ ಅಲ್ಲಾಡಿಸಿ ನೋಡುತ್ತಾನೆ.

ಆ ಗಿಡ್ಡ ಸಲಾಕೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಅದನ್ನು ಹಾಕಿದಾಗ ಮುಂದಿನ ಆಕ್ಸಲಿಗೂ ಹಿಂದಿನ ಆಕ್ಸಲಿಗೂ ಒಂದೇ ವೇಗ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಿ ಚಕ್ರ ಚೂರು ಜಾರಿ ಆ ವ್ಯತ್ಯಾಸ ತುಂಬಿಕೊಳ್ಳುತ್ತದೆ. ಡಾಮರು ರಸ್ತೆಯಲ್ಲಿ ಜಾರಲು ಆಸ್ಪದವಿಲ್ಲ. ಎಲ್ಲ ಬಿಗಿತವೂ ಗೇರುಗಳ ಹಲ್ಲಿನ ಮೇಲೆ ಕೂರುತ್ತದೆ, ಸಲಾಕೆ ಹಿಂದಕ್ಕೆ ಬರುವುದೇ ಇಲ್ಲ. ಆಗ ಸುತ್ತಿಗೆ ಹಿಡಿಯಬಾರದು. ಜೀಪನ್ನು ನಾಲ್ಕು ಮಾರು ಹಿಂದಕ್ಕೆ ಬಿಟ್ಟರೆ ತಾನಾಗಿಯೇ ಸಡಿಲಗೊಳ್ಳುತ್ತದೆ. ಪರಾಕ್ರಮ ತೋರಲು ಹೋಗಿ ಗೇರುಪೆಟ್ಟಿಗೆಯನ್ನೇ ಒಡೆದುಕೊಂಡವರಿದ್ದಾರೆ.

ಬಿಡಿಭಾಗಗಳಿಗೆ ನಮ್ಮ ಮುಂಬಯಿಯವರು ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ಹೋದರೆ, ಮದರಾಸಿನ ಕನ್ನಡಿಗರು ಪುದುಪೇಟೆಗೆ, ದಿಲ್ಲಿಯವರು ಕಾಶ್ಮೀರಿ ಗೇಟಿಗೆ, ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋದರು. ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಹಳೆಯ ಜೀಪುಗಳನ್ನು ಕೂಡಿಸಿ ಮಾರುವುದಕ್ಕೇ ಹೆಸರಾಯಿತು.

ಆದರೆ ನಮ್ಮ ಜೀಪುಗಳ ರೂಪವನ್ನೇ ಬದಲಿಸಿದ್ದು ಗುಜರಿಯಲ್ಲ, ಎಣ್ಣೆಯ ಬೆಲೆ. ಮಹೀಂದ್ರದವರು ಹಲವು ವರ್ಷ ಮಾಡಿದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ ಎಂಬ ಮಾದರಿ. ಹೊಸ 'ಹರಿಕೇನ್' ಎಂಜಿನ್ನು ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೇರಿಕದಲ್ಲಿ ಅದರ ತಯಾರಿಕೆ 1968ರಲ್ಲಿ ನಿಂತರೂ ಇಲ್ಲಿ ಮುಂದುವರಿಯಿತು. 1973ರಲ್ಲಿ ಅರಬ್ ದೇಶಗಳು ಎಣ್ಣೆಯ ಕೊಳಾಯಿ ಬಿಗಿದಾಗ ಪೆಟ್ರೋಲಿನ ಬೆಲೆ ಗಗನಕ್ಕೇರಿತು. ಜೀಪಿನ ಮಾಲೀಕರಿಗೆ ಎರಡೇ ದಾರಿ: ಮೂಲೆಯಲ್ಲಿ ನಿಲ್ಲಿಸುವುದು, ಇಲ್ಲವೇ ಡೀಸೆಲ್ ಎಂಜಿನ್ ಕೂರಿಸುವುದು. ಸಾವಿರಾರು ಜನ ಎರಡನೆಯದನ್ನೇ ಹಿಡಿದರು. ಕಂಪನಿಯೂ ಆಮೇಲೆ ಡೀಸೆಲ್ ಜೀಪುಗಳನ್ನೇ ಹೊರತಂದಿತು. 1985ರ ಎಂಎಂ 540ರಲ್ಲಿ ಇದ್ದದ್ದು ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಡೀಸೆಲ್ ಎಂಜಿನ್. ಹಳೆಯ ಪೆಟ್ರೋಲ್ ಜೀಪಿಗೆ ಭಾರವಾದ ಡೀಸೆಲ್ ಎಂಜಿನ್ ಕೂರಿಸಿದರೆ ನಡುಕಕ್ಕೆ ಚಾಸಿಯಲ್ಲಿ ಬಿರುಕು ಬಿಡುತ್ತಿತ್ತು. ಅದಕ್ಕೆ ಕಬ್ಬಿಣದ ಪಟ್ಟಿ ಬೆಸೆದರು. ಗೇರ್‌ಬಾಕ್ಸು ತಾಳಲಿಲ್ಲ, ಅದನ್ನೂ ಬದಲಿಸಿದರು. ಕಿತ್ತು ತೆಗೆದ ಹರಿಕೇನ್ ಎಂಜಿನ್ನುಗಳನ್ನು ಗುಜರಿಯವನು ತೂಕಕ್ಕೆ ಕೊಂಡು ಹೋದ. ಹೀಗೆ ಮಾಡಿದ್ದರಿಂದಲೇ ಆ ಜೀಪುಗಳು ಇನ್ನೂ ಓಡಾಡಿಕೊಂಡಿವೆ. ಕೊಡಚಾದ್ರಿಯ ನಮ್ಮ ಚಾಲಕನ ಮಾತಿನ ಹಿಂದೆ ಇಷ್ಟು ಚರಿತ್ರೆಯಿದೆ.

ಈಗ ಬಂದಿರುವ ಸಂಕಟವೂ ಇದರಿಂದಲೇ. ದಿಲ್ಲಿಯ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳು ರಸ್ತೆಗಿಳಿಯಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿಯೂ, 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿದ್ದನ್ನು ಅಲ್ಲಿನ ನಮ್ಮವರು ಬಲ್ಲರು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು. 2021ರಲ್ಲಿ ಕೇಂದ್ರ ಸರಕಾರ ಹಳೆಯ ಗಾಡಿಗಳ ಅಭಿಮಾನಿಗಳಿಗೆಂದು ಒಂದು ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಿ, ಬೇರೆಯೇ ನಂಬರು ಪಡೆಯಬಹುದು. ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಎಣ್ಣೆ ತುಂಬಿಸಲು, ರಿಪೇರಿಗೆ ಒಯ್ಯಬಹುದೇ ಹೊರತು ದಿನದ ಓಡಾಟಕ್ಕೆ ಬಳಸುವಂತಿಲ್ಲ.

ನಿಯಮ ಮಾಡಿದವರನ್ನು ನಾನು ದೂರುವುದಿಲ್ಲ. ಬಿರುಕುಬಿಟ್ಟ ಚಾಸಿಗೆ ಪಟ್ಟಿ ಬೆಸೆದು ಹನ್ನೆರಡು ಜನರನ್ನು ಘಟ್ಟ ಹತ್ತಿಸುವುದು ಕ್ಷೇಮವೆಂದು ಯಾರು ಹೇಳಿಯಾರು? ಹಳೆಯ ಡೀಸೆಲ್ಲಿನ ಹೊಗೆ ಕುಡಿದ ದಿಲ್ಲಿಯ ಮಕ್ಕಳ ಕೆಮ್ಮೂ ಸುಳ್ಳಲ್ಲ. ಆದರೂ ಒಂದು ಮಾತು. ಕೆಲಸ ಮಾಡದೆ ಷೆಡ್ಡಿನಲ್ಲಿ ಮುಸುಕು ಹೊದ್ದು ನಿಂತ ಜೀಪು ಮಾತ್ರ ಮೂಲರೂಪದಲ್ಲಿ ಉಳಿಯಲು ಸಾಧ್ಯ. ಐವತ್ತು ವರ್ಷ ಅಡಕೆ ಮೂಟೆ ಹೊತ್ತು, ಬಸುರಿಯರನ್ನು ಆಸ್ಪತ್ರೆ ಮುಟ್ಟಿಸಿ, ಸವೆದದ್ದನ್ನೆಲ್ಲ ಬದಲಿಸಿಕೊಂಡು ಬದುಕಿದ ಜೀಪಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಭಾಗ ಬದಲಿಸಿಕೊಂಡು ಬದುಕಲೆಂದೇ 1940ರಲ್ಲಿ ಅದನ್ನು ಹಾಗೆ ಮಾಡಿದ್ದು ತಾನೆ?

ಹಳೆಯ ಜೀಪನ್ನು ಮತ್ತೆ ಮೊದಲಿನಂತೆ ಮಾಡಬೇಕೆನ್ನುವವರು ಈಗ ಪೇಟೆಗಳ ಗುಜರಿ ಅಂಗಡಿಗಳಲ್ಲಿ ಅಂದು ತೂಕಕ್ಕೆ ಮಾರಿದ ಹರಿಕೇನ್ ಎಂಜಿನ್ನುಗಳನ್ನೇ ಹುಡುಕುತ್ತಿದ್ದಾರೆ. ಸಿಕ್ಕವನು ಹೇಳಿದ್ದೇ ಬೆಲೆ. ಕೊಡಚಾದ್ರಿಯ ಚಾಲಕನಿಗೂ ಇದನ್ನು ಹೇಳಿದೆ. ಅವನು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ, "ಆ ಎಂಜಿನ್ ಸಿಕ್ಕೀತು. ಪಾಯಿಂಟು ಉಜ್ಜಿ ಕೂರಿಸುವವ ಸಿಕ್ಕಬೇಕಲ್ಲ ಮಾರಾಯ್ರೆ!" ಎಂದ. ಆಮೇಲೆ ಗಿಡ್ಡ ಸಲಾಕೆಯನ್ನು ಎಳೆದ.